ಅಂಡಮಾನ್ ಹೆಂಗಿತ್ತು?

ಬೆಳಗಾವಿಯಿಂದ ಖಾನಾಪುರಕ್ಕೆ ಹೊರಟ ಬಸ್ಸಿನಲ್ಲಿ ಅನುರಾಧಾ ಕಣ್ಣು ಮುಚ್ಚಿ ಕೂತಿದ್ದಳು. ಹೊರಗೆ ಧೋ ಎಂದು ಮಳೆ ಸುರಿಯುತ್ತಿತ್ತು. ಮುಂದಿನ ಸೀಟಿನಲ್ಲಿ ಬ್ಯಾಗುಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ ನಡುವಯಸ್ಸಿನ ಗಂಡ ಹೆಂಡತಿಯ ಮಾತು ಕಿವಿಗೆ ಬಿದ್ದದ್ದೇ ಅವಳ ನಿದ್ದೆ ಹಾರಿಹೋಯಿತು.

“ಚಂಪಾ, ಅಂಡಮಾನ್ ಹೆಂಗಿತ್ತು ಅಂತ ಮನ್ಯಾಗ ಕೇಳಿದ್ರ ಭಾರಿ ಇತ್ತು ಅನ್ನು. ಮಳಿಗಾಲದಾಗ ಹೋಗಬ್ಯಾಡ್ರಿ ಅಂತ ನಮ್ಮಕ್ಕ ಬಡಕೊಂಡಿದ್ಲು.”

“ಏನು ಭಾರಿ ಇತ್ರೀ? ಹೋದಾಗಿಂದ ಬರೂತನಕ ಲಾಡ್ಜ್ ಬಿಟ್ಟು ಹೊರಗ ಬಿದ್ದಿಲ್ಲ.”

“ಸಮುದ್ರ ನೋಡಿದಿವಿ ಅನ್ನು.”

“ಎಲ್ಲಿ ನೋಡಿದಿವಿ? ಖಿಡಕಿ ತಗದ್ರ ಬರೇ ಮಳಿ.”

“ವಿಮಾನದಾಗಿಂದ ಕಾಣಲಿಲ್ಲೇನು?”

“ಮೋಡ ಕಂಡ್ವು. ನೀವು ಗೊರಕಿ ಹೊಡೀತಿದ್ರಿ.”

“ಫೋಟೋ ಐತಲ್ಲ!”

“ಲಾಡ್ಜಿನ ಬಾಗಲದಾಗ ರೇನ್‌ಕೋಟ್ ಹಾಕ್ಕೊಂಡು ನಿಂತಿದ್ದಾ? ಅದರಾಗ ನೀವ್ಯಾರು, ನಾ ಯಾರು ಅನ್ನೂದೂ ಗೊತ್ತಾಗೂದಿಲ್ಲ.”

ಗಂಡ ಬ್ಯಾಗಿನ ಮೇಲೆ ತಲೆ ತಗ್ಗಿಸಿದ. ಅನುರಾಧಾಳಿಗೆ ಪಾಪ ಅನ್ನಿಸಿತು.

“ಹಂಗಾರ ನಿನಗ ಒಟ್ಟ ಸೇರಲಿಲ್ಲೇನು?”

“ಯಾರಂದ್ರು? ಅಡಗಿ ಇಲ್ಲ, ಬೀಗರಿಲ್ಲ, ಫೋನ್ ಹತ್ತಲಿಲ್ಲ. ದಿನಾ ಇಸ್ಪೀಟಿನ್ಯಾಗ ನಿಮ್ಮನ್ನ ಸೋಲಿಸಿದೆ. ಮುಂದಿನ ಮಳಿಗಾಲಕ್ಕೂ ಅಲ್ಲೇ ಹೋಗೂಣು.”

“ಮತ್ತ ಭಾರಿ ಇತ್ತು ಅನ್ನಾಕ ಏನು ಧಾಡಿ ನಿನಗ?”

ಅಷ್ಟರಲ್ಲಿ ದೇಸೂರ ಬಂತು. ಹೆಂಡತಿ ಛತ್ರಿ ಹಿಡಿದು ಎದ್ದಳು.

“ಭಾಳ ಹೊಲಸಿತ್ತು ಅಂತನೇ ಹೇಳೂಣ್ರಿ. ಚಲೋ ಇತ್ತಂದ್ರ ಮುಂದಿನ ಸಲ ಅಕ್ಕಾರೂ ಗಂಟುಬೀಳ್ತಾರ.”

ಗಂಡನಿಗೆ ಈಗ ತಿಳಿಯಿತು. ಉಕ್ಕಿ ಬರುತ್ತಿದ್ದ ನಗುವನ್ನು ನುಂಗಿ, ಮುಖ ಸಪ್ಪೆ ಮಾಡಿಕೊಳ್ಳುವುದನ್ನು ಅಭ್ಯಾಸ ಮಾಡುತ್ತ ಅವಳ ಹಿಂದೆಯೇ ಮಳೆಯಲ್ಲಿ ಇಳಿದುಹೋದ.