ಅರಸಿನ ಹಚ್ಚಿದ ಮೀನಿನ ತೂಕ

ಕೊಲ್ಲಿ ನಾಡಿನ ಹಮ್ದಾನ್ ಸ್ಟ್ರೀಟಿನ ಬಸ್‌ಸ್ಟಾಪಿನಲ್ಲಿ ಕೂತಿದ್ದ ನರ್ಸ್ ಯಶ್ಮಿತಾಳಿಗೆ ಮೊದಲು ಬಡಿದದ್ದು ಮೀನಿನ ವಾಸನೆ, ಆಮೇಲೆ ಊರಿನ ಮಾತು. ಗಾಳದ ಕೋಲು ಹಿಡಿದ ಇಬ್ಬರು ಗಂಡಸರು ಪಕ್ಕದಲ್ಲೇ ನಿಂತು ಜಗಳಕ್ಕೆ ಬಿದ್ದಿದ್ದರು. ಅವಳು ಫೋನ್ ನೋಡುವವಳಂತೆ ತಲೆ ತಗ್ಗಿಸಿ ಕಿವಿ ತೆರೆದಳು.

“ಆನ್ಸೆಲ್ಮ್, ಮೀನನ್ನು ಜೀವಂತ ತೂಗಿ ವಾಪಸ್ ಕಾಲುವೆಗೆ ಬಿಡಬೇಕು ಅಂತ ಗಾಳದ ಮ್ಯಾಚಿಗೆ ಮೊದಲೇ ಹೇಳಿದ್ದಾರಲ್ಲ ಮಾರಾಯ?”

“ಹೇಳಿದ್ದಾರೆ ಗುಣಪಾಲಣ್ಣ. ತಮಾಷೆಗೆ ಅಂತ ಎಣಿಸಿದೆ. ಹಿಡಿದ ಮೀನನ್ನು ಯಾರಾದರೂ ಬಿಡ್ತಾರಾ?”

“ಅದಕ್ಕೆ ಕೊಯ್ಯುವುದಾ?”

“ಎಂಥಾ ಬಿಸಿಲು! ಹಾಳಾಗ್ತದೆ ಅಂತ ಹೊಟ್ಟೆ ಕ್ಲೀನ್ ಮಾಡಿ ಉಪ್ಪು, ಅರಸಿನ ಹಚ್ಚಿಟ್ಟೆ.”

“ಗಾಳ ಹಾಕಲಿಕ್ಕೆ ಬರುವಾಗ ಅರಸಿನ ಎಂತಕ್ಕೆ ನಿಂಗೆ?”

“ಹೆಂಡತಿ ಕಟ್ಟಿ ಕಳಿಸಿದ್ದಾಳೆ.”

“ಎಲ್ಲರಿಗಿಂತ ದೊಡ್ಡ ಮೀನುಗಳು ನಮ್ಮ ಟೀಮಿಗೇ ಸಿಕ್ಕಿದ್ದು. ಅಂಪೈರ್ ಬುಟ್ಟಿ ತೆಗೆದು ನೋಡಿದರೆ ಎಲ್ಲ ಹಳದಿ! ಟೀಮೇ ಮ್ಯಾಚಿನಿಂದ ಖಲಾಸ್.”

“ಅವರು ಬೈದ ಮೇಲೆ ಒಂದನ್ನು ನೀರಿಗೆ ಬಿಟ್ಟೆನಲ್ಲ?”

“ಬಿಟ್ಟೆ. ಅದು ಈಜಿತಾ?”

“ಇಲ್ಲ.”

ಯಶ್ಮಿತಾ ಕೆಮ್ಮುವ ನೆಪದಲ್ಲಿ ಬಾಯಿ ಮುಚ್ಚಿಕೊಂಡಳು.

“ಕಪ್ ಆ ಬ್ಯಾಂಕಿನವರ ಟೀಮಿನ ಪಾಲಾಯಿತು,” ಎಂದ ಗುಣಪಾಲ.

“ಬೇಜಾರು ಮಾಡ್ಬೇಡಿ. ಮನೆಯಲ್ಲಿ ಮಸಾಲೆ ರೆಡಿ ಉಂಟು. ಬ್ಯಾಂಕಿನವರೂ ಊಟಕ್ಕೆ ಬರ್ತಾರಂತೆ.”

“ಗೆದ್ದವರು ನಮ್ಮಲ್ಲಿಗೆ ಯಾಕೆ?”

“ಮತ್ತೆಂತ ಮಾಡುವುದು ಪಾಪ! ಅವರ ಮೀನೆಲ್ಲ ಕಾಲುವೆಯಲ್ಲಿ ಉಂಟಲ್ಲ.”

ಬಸ್ ಬಂತು. ಗುಣಪಾಲ ಮುಖ ಗಂಟಿಕ್ಕಿಕೊಂಡೇ ಮೆಟ್ಟಿಲು ಹತ್ತಿ, ಹಿಂದೆ ಹತ್ತುತ್ತಿದ್ದ ಆನ್ಸೆಲ್ಮ್‌ನತ್ತ ತಿರುಗಿದ.

“ಬರುವಾಗ ಕಪ್ ತರಲಿಕ್ಕೆ ಅವರಿಗೆ ಹೇಳು. ನನಗೆ ಸಾರು ಅದರಲ್ಲೇ ಹಾಕು.”

ಬಾಗಿಲು ಮುಚ್ಚಿಕೊಂಡಿತು.