ಬಾಳೆಮೆಣಸಿನಕಾಯಿಗೆ ಖಾರ ಏರಿದ್ದು

ಕೂತ್ಕೊಳ್ರಿ, ಕಾಲು ಮಡಚ್ಕೊಳ್ರಿ. ಹೂಂಗುಡೋರಿಲ್ಲದ ಕಥೆ ಉಪ್ಪಿಲ್ಲದ ಸಾರಿದ್ದಂಗೆ, ಅದಕ್ಕೇ ನಡುನಡುವೆ ಹೂಂ ಅನ್ನಬೇಕು. ಯಾವ ರಾಜ ಆಳ್ತಿದ್ದನೋ ಗೊತ್ತಿಲ್ಲ, ಯಾವ ಸೀಮೆಯೋ ಗೊತ್ತಿಲ್ಲ, ಅಂಥ ಒಂದು ನಾಡಲ್ಲಿ ಒಂದು ಊರು. ಊರಿಗೊಬ್ಬ ಗೌಡ, ಗೌಡನಿಗೊಂದು ಮೀಸೆ, ಊರಿಗೆಲ್ಲ ಒಂದೇ ಬಾವಿ.

ಆ ಬಾವಿ ತೋಡಿದ್ದು ಯಾರು? ಗೌಡನಾ? ಅಲ್ಲ. ಗಂಡಸರು ಹಾರೆ ಹಿಡಿದರು, ಹೆಂಗಸರು ಮಣ್ಣು ಹೊತ್ತರು. ಕರಿಬಸಗೌಡ ಏನು ಮಾಡಿದ? ನೆರಳಲ್ಲಿ ಕೂತು ಎಲೆಯಡಿಕೆ ಜಗಿದ. ನೀರು ಬಂದ ಮೇಲೆ ಬಾವಿ ಪಕ್ಕಕ್ಕೇ ಮನೆ ಕಟ್ಟಿಸಿದ, ಜಗಲಿ ಮೇಲೆ ಕೂತ, ಬಾವಿ ನಂದು ಅಂದ. ಬೇಲಿನೇ ಎದ್ದು ಹೊಲ ಮೇಯ್ದರೆ ಕೇಳೋರು ಯಾರು?

ಆ ಊರಲ್ಲಿ ಚೌಡಕ್ಕ ಅಂತ ಒಬ್ಬಳಿದ್ದಳು. ಗಂಡ ಇಲ್ಲ, ಮಕ್ಕಳಿಲ್ಲ, ಇರೋದೊಬ್ಬಳು ಅತ್ತೆ, ನಿಂಗಜ್ಜಿ. ಇಬ್ಬರೂ ಹಾಲು ಸಕ್ಕರೆ ಏನಲ್ಲ, ದಿನ ಬೆಳಗಾದರೆ ಜಗಳ. ಆದರೆ ಒಬ್ಬರು ಉಣ್ಣದೆ ಇನ್ನೊಬ್ಬರು ಉಣ್ತಿರಲಿಲ್ಲ. ನಿಂಗಜ್ಜಿಗೆ ಬಾಯೆಲ್ಲ ಹುಣ್ಣು. ಖಾರ ತಾಕಿದರೆ ಜೀವ ಹೋದಂಗಾಗೋದು. ಖಾರ ಬಿಟ್ಟು ಕೊಟ್ಟರೆ, "ಇದೇನು ದನದ ಕಲಗಚ್ಚೇನೆ?" ಅಂತ ತಟ್ಟೆ ತಳ್ಳೋಳು. ಹಿಂಗೇ ಉಣ್ಣದೆ ಉಣ್ಣದೆ ಒಣಗಿ ಕಡ್ಡಿಯಾದಳು.

ಚೌಡಕ್ಕ ಯಾರನ್ನೋ ಕೇಳಿ ಒಂದು ಮೆಣಸಿನ ಬೀಜ ತಂದಳು. ಒಡೆದ ಮಡಕೇಲಿ ಗೊಬ್ಬರ ತುಂಬಿ ಬಿತ್ತಿದಳು. ಸಸಿ ಗೇಣುದ್ದ ಆದಾಗ ಹಿತ್ತಲಿಗೆ ನಾಟಿ, ಎಲೆಗೆ ಬೂದಿ ಉದುರಿಸಿ, ದಿನಾ ನೀರು ಹಾಕಿ ಸಾಕಿದಳು. ಕಾಯಿ ಬಿಟ್ಟವು ನೋಡ್ರವ್ವ, ತಿಳಿ ಹಳದಿ, ಬೆರಳಿಗಿಂತ ಉದ್ದ, ಎಳೇ ಬಾಳೆಕಾಯಿ ಹಂಗೆ ಬಾಗಿದವು. ಮೆಣಸಿನ ಘಮ ಉಂಟು, ಉರಿ ಇಲ್ಲ. ಬಾಳೆಮೆಣಸಿನಕಾಯಿ ಅಂತ ಹೆಸರಾಯ್ತು.

ಚೌಡಕ್ಕ ಕಾಯಿ ಹೊಟ್ಟೆ ಸೀಳಿ, ಬೀಜ ತೆಗೆದು, ಶೇಂಗಾಪುಡಿ, ಹುಣಸೆಹಣ್ಣು, ಬೆಲ್ಲ, ಉಪ್ಪು ಕಲಸಿ ತುಂಬಿ, ಹಂಚಿನ ಮೇಲೆ ಚೂರು ಎಣ್ಣೆ ಬಿಟ್ಟು ಹೊರಳಿಸಿದಳು. ಸಿಪ್ಪೆ ಗುಳ್ಳೆ ಎದ್ದು ಕಂದಿತು. ನಿಂಗಜ್ಜಿ ಒಂದು ತಿಂದಳು, ಎರಡು ತಿಂದಳು, ಮೂರನೇದಕ್ಕೆ ಮುದ್ದೆ ಕೇಳಿದಳು. "ಉಪ್ಪು ಒಂಚೂರು ಜಾಸ್ತಿಯಾಯ್ತು ಕಣೆ" ಅಂತ ಬೈದಳು. ಚೌಡಕ್ಕ ಸೆರಗಲ್ಲಿ ಕಣ್ಣೊರೆಸ್ಕೊಂಡಳು. ಬೈಯೋಷ್ಟು ಜೀವ ಬಂತಲ್ಲ ಅಂತ.

ಆ ಘಮ ಊರೆಲ್ಲ ಹಬ್ಬಿತು. ಬಾವಿಕಟ್ಟೆ ಮೇಲೆ ಹೆಂಗಸರು ಮಾತಾಡ್ಕೊಂಡರು: "ಗೌಡರ ಮೆಣಸಿನಕಾಯಿ ಕಣ್ಣೀರು ತರಿಸ್ತದೆ, ಚೌಡಕ್ಕಂದು ಹಸಿವು ತರಿಸ್ತದೆ." ಗೌಡನ ಕಿವಿಗೆ ಬಿತ್ತು. ಸುಮ್ಮನಿರ್ತಾನಾ? ಅವನ ಹೊಲದ ತುಂಬ ಕೆಂಪು ಮೆಣಸಿನಕಾಯಿ. ನಮ್ಮನೇಲಿ ಉಂಡೋನು ಮೂಗು ಸೊರಸೊರ ಅಂದ್ಕೊಂಡೇ ಏಳಬೇಕು ಅಂತ ಮೀಸೆ ತಿರುವೋ ಆಸಾಮಿ.

ಮಾರನೇ ದಿನ ಚೌಡಕ್ಕ ಗಿಡಕ್ಕೆ ಅಂತ ಕೊಡ ತಗೊಂಡು ಬಂದಳು. ಜಗಲಿ ಮೇಲಿಂದ ಗೌಡ ಅಂದ, "ಏ ಚೌಡಿ, ಕುಡಿಯೋಕೆ ಒಂದು ಕೊಡ ಒಯ್ಯಿ. ಆ ಸಪ್ಪೆ ಗಿಡಕ್ಕೆ ನನ್ನ ಬಾವಿ ನೀರಿಲ್ಲ. ಖಾರ ಇಲ್ಲದ ಮೆಣಸಿನಕಾಯಿ ಮೀಸೆ ಇಲ್ಲದ ಗೌಡ ಇದ್ದಂಗೆ."

ಎರಡನೇ ಸಲ ಬಂದಳು. "ಗೌಡ್ರೇ, ಬಾವೀದು ಬೇಡ. ತೊಟ್ಟೀಲಿ ದನ ಕುಡಿದು ಬಿಟ್ಟ ನೀರು ಕೊಡ್ರಿ."

"ದನದ ಎಂಜಲು ನನ್ನ ಬಾಳೆಗಿಡಕ್ಕೆ" ಅಂದ.

ಮೂರನೇ ಸಲ ಬಂದಳು. "ಗೌಡ್ರೇ, ಕಾಲು ತೊಳೆದು ಹರಿದು ಹೋಗೋ ಕೆಸರು ನೀರಾದ್ರೂ ಬಳಿದುಕೊಳ್ತೀನಿ. ನಮ್ಮತ್ತೆಗೆ ಅದೊಂದೇ ತುತ್ತು ಇಳಿಯೋದು."

"ಹರಿದು ಹೋಗಲಿ. ನಿನಗಂತೂ ಇಲ್ಲ" ಅಂದ.

ಕೇಳಿದ್ರಾ ಮಾತು? ಮಣ್ಣಿಗೆ ಹೋಗೋ ಕೆಸರು ನೀರು. ನಾಯಿಗೂ ಯಾರೂ ಇಲ್ಲ ಅನ್ನದ ನೀರು. ಇವನಪ್ಪ ಏನು ಮೋಡ ಕಟ್ಟಿ ತಂದಿದ್ದನಾ? ನನಗೆ ಈಗಲೂ ಹೇಳ್ತಾ ಹೇಳ್ತಾ ಹೊಟ್ಟೆ ಉರೀತದೆ. ಇರಲಿ, ಮುಂದೆ ಕೇಳ್ರಿ.

ಚೌಡಕ್ಕ ಕುಡಿಯೋ ಕೊಡದಲ್ಲೇ ಉಳಿಸಿದಳು. ಅಕ್ಕಿ ತೊಳೆದದ್ದು ಗಿಡಕ್ಕೆ, ಮುಖ ತೊಳೆದದ್ದು ಗಿಡಕ್ಕೆ, ಅತ್ತೆ ಕೈ ತೊಳೆದದ್ದು ಗಿಡಕ್ಕೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಸಾಕಾದೀತಾ? ಗಿಡ ಸಾಯಲಿಲ್ಲ, ಬದುಕಲೂ ಇಲ್ಲ. ಎಲೆ ಮುದುಡಿತು, ಕಾಯಿ ಗಿಡ್ಡವಾಯ್ತು. ಬಣ್ಣ ಮಾತ್ರ ಅದೇ, ತಿಳಿ ಹಳದಿ. ಹುರಿದು ಕೊಟ್ಟಳು. ನಿಂಗಜ್ಜಿ ಕಚ್ಚಿದಳು, ಅಯ್ಯಯ್ಯೋ ಅಂತ ಬಾಯಿ ಹಿಡ್ಕೊಂಡಳು, ಬೆಲ್ಲ ಚೀಪುತ್ತಾ ಆವತ್ತೆಲ್ಲ ಉಪವಾಸ. ನೀರು ಕಂಡು ಬೆಳೆಯದ ಮೆಣಸಿನಕಾಯಿ ಅದು, ಉರಿಯೆಲ್ಲ ಒಳಗೇ ಇಟ್ಕೊಂಡಿತ್ತು. ಚೌಡಕ್ಕ ಉಳಿದ ಕಾಯಿ ಮುಟ್ಟಲಿಲ್ಲ.

ಅಷ್ಟರಲ್ಲಿ ಗೌಡನ ಮಗಳಿಗೆ ದೊಡ್ಡ ಮನೆತನದ ಗಂಡು ಗೊತ್ತಾಯ್ತು. ಗಂಡಿನ ತಾಯಿ ಹೇಳಿ ಕಳಿಸಿದಳು: "ನಮಗೆ ಖಾರ ಆಗಲ್ಲ. ನಿಮ್ಮೂರಲ್ಲಿ ಉರಿ ಇಲ್ಲದ ಮೆಣಸಿನಕಾಯಿ ಬೆಳೀತಾರಂತೆ. ನಿಶ್ಚಿತಾರ್ಥಕ್ಕೆ ಅದರ ಬಜ್ಜಿ ಮಾಡಿಸ್ರಿ."

ಗೌಡ ಕೇಳಿದನಾ? ಕೇಳಲಿಲ್ಲ. ಬೇಡಿದನಾ? ಬೇಡಲಿಲ್ಲ. ಆಳುಗಳನ್ನ ಹಿತ್ತಲಿಗೆ ನುಗ್ಗಿಸಿ ಕಾಯೆಲ್ಲ ಕೀಳಿಸಿದ. ಚೌಡಕ್ಕ ಅವನ ಮನೆ ಬಾಗಿಲಿಗೇ ಬಂದು ಹೇಳಿದಳು, "ಗೌಡ್ರೇ, ಈ ಸಲದ ಕಾಯಿ ತಿನ್ನಬ್ಯಾಡ್ರಿ. ಖಾರ ಏರಿದಾವೆ."

"ಕೊಡೋಕೆ ಹೊಟ್ಟೆಯುರಿ ನಿನಗೆ. ಈ ಹಳದಿ ಕಾಯಿಗೆ ಖಾರ ಬೇರೆ ಕೇಡು. ನಡಿ ಆಚೆ."

ಬೀಗರು ಬಂದರು. ಕಡ್ಲೆಹಿಟ್ಟಲ್ಲಿ ಅದ್ದಿ ಕರಿದ ಬಜ್ಜಿ ಬಂದವು, ಬಂಗಾರದ ಬಣ್ಣ. ಗೌಡ ದೊಡ್ಡಸ್ತಿಕೆ ತೋರಿಸೋಕೆ ಒಂದು ಇಡೀ ಬಜ್ಜಿ ಬಾಯಿಗೆ ಹಾಕ್ಕೊಂಡ. "ತಗೊಳ್ರಿ ಬೀಗರೇ, ಹಸುಗೂಸಿಗೂ..." ಅಂದ. ಮಾತು ಅಲ್ಲೇ ನಿಂತಿತು. ಕಿವಿ ಕೆಂಪಾಯ್ತು. ಮೂಗಲ್ಲಿ ನೀರು, ಕಣ್ಣಲ್ಲಿ ನೀರು. ಖಾರ ಅನ್ನೋ ಹಂಗಿಲ್ಲ, ಖಾರದ ಗೌಡ ಅವನು. ಉಗುಳೋ ಹಂಗಿಲ್ಲ, ಬೀಗರು ಎದುರಿಗೆ. ಅಷ್ಟರಲ್ಲಿ ಬೀಗತಿಯೂ ಕಚ್ಚಿದಳು. ನೀರು, ನೀರು ಅಂತ ಪಡಸಾಲೆಯೆಲ್ಲ ಗದ್ದಲ.

"ಆ ಚೌಡೀನ ಎಳ್ಕೊಂಡು ಬರ್ರೋ, ಏನೋ ಬೆರೆಸಿದಾಳೆ" ಅಂದ ಗೌಡ.

ಎಳೀಬೇಕಾಗಿರಲಿಲ್ಲ. ಗದ್ದಲ ಕೇಳಿ ಚೌಡಕ್ಕ ಆಗಲೇ ಬಂದು ಬಾಗಿಲಲ್ಲೇ ನಿಂತಿದ್ದಳು. ತಲೆ ತಗ್ಗಿಸಲಿಲ್ಲ. "ಬೀಜ ಅದೇ ಗೌಡ್ರೇ. ಮಣ್ಣು ಅದೇ. ಕೈ ಅದೇ. ನೀರೊಂದು ಇರಲಿಲ್ಲ. ಗಿಡಕ್ಕೆ ಬಾವಿ ನೀರು ಕೇಳ್ದೆ, ಇಲ್ಲ ಅಂದ್ರಿ. ದನದ ಎಂಜಲು ಕೇಳ್ದೆ, ಇಲ್ಲ ಅಂದ್ರಿ. ಕೆಸರು ಕೇಳ್ದೆ, ಅದೂ ಇಲ್ಲ ಅಂದ್ರಿ. ಗಿಡ ನಂದು, ಹೌದು. ಆ ಖಾರ ಮಾತ್ರ ನಿಮ್ಮದು. ನೀವು ಬೆಳೆದದ್ದು ನೀವುಣ್ರಿ."

ಬೀಗತಿ ಮಜ್ಜಿಗೆ ಲೋಟ ಕೆಳಗಿಟ್ಟಳು. "ಹೌದೇನ್ರಿ ಗೌಡ್ರೇ?"

ಗೌಡ ಮೂಗೊರೆಸ್ಕೊಂಡು ಇನ್ನೊಂದು ಲೋಟ ನೀರಿಗೆ ಕೈ ಚಾಚಿದ.

"ಹಂಗಾದ್ರೆ ತಾಂಬೂಲ ಇವತ್ತು ಬ್ಯಾಡ" ಅಂದಳು ಬೀಗತಿ. "ಹುಡುಗಿ ಒಳ್ಳೇಳು, ಅವಳ ತಪ್ಪಲ್ಲ. ಈಯಮ್ಮನ ಗಿಡಕ್ಕೆ ನೀವೇ ನೀರು ಹೊರಬೇಕು. ಆಳಲ್ಲ, ನೀವು. ಕಾಯಿ ಮೊದಲಿನಂಗೆ ಸಪ್ಪೆಯಾಯ್ತು ಅಂತ ಈಯಮ್ಮನ ಮನೆಯಿಂದ ಮಾತು ಬರಲಿ. ಆಮೇಲೆ ತಾಂಬೂಲ."

ಉಪ್ಪು ತಿಂದೋನು ನೀರು ಕುಡೀಬೇಕು. ಖಾರ ಬೆಳೆದೋನು? ನೀರು ಹೊರಬೇಕು. ಕರಿಬಸಗೌಡ ಕೊಡ ಹೆಗಲಿಗಿಟ್ಟ. ಊರ ಹೆಂಗಸರು ದಾರಿ ಬಿಟ್ಟು ನಿಂತು, "ಚೆಲ್ಲೀರಿ ಗೌಡ್ರೇ, ಮೆಲ್ಲಗೆ" ಅಂದರು. ಬೆಳಿಗ್ಗೆ ಹೊತ್ತ, ಸಂಜೆ ಹೊತ್ತ, ಮೀಸೆ ಒದ್ದೆಯಾಗಿ ಇಳಿಬಿತ್ತು. "ಏ ಚೌಡಿ" ಅನ್ನೋದು ಹೋಗಿ "ಚೌಡಕ್ಕ, ಇಷ್ಟು ಸಾಕೇನು" ಅನ್ನೋದು ಬಂತು.

ಗಿಡ ಚಿಗುರಿತು. ಹೂವಾಯ್ತು, ಹೀಚಾಯ್ತು, ಕಾಯಾಯ್ತು, ಬಾಳೆಕಾಯಿ ಹಂಗೆ ಬಾಗಿತು. ಚೌಡಕ್ಕ ತುಂಬಿ ಹುರಿದು, "ಮೊದಲು ನಮ್ಮತ್ತೆ ಬಾಯಿಗೆ. ಆಮೇಲೆ ಬೀಗರಿಗೆ" ಅಂದಳು. ಗೌಡ ಖಾಲಿ ಕೊಡ ಹಿಡ್ಕೊಂಡು ಹೊಸ್ತಿಲಾಚೆ ಕಾದು ನಿಂತ.

ನಿಂಗಜ್ಜಿ ಒಂದು ತಿಂದಳು, ಎರಡು ತಿಂದಳು, ಮೂರನೇದನ್ನ ಮುದ್ದೆ ಜೊತೆ ನುಂಗಿದಳು. ಕಣ್ಣಲ್ಲಿ ಹನಿ ನೀರಿಲ್ಲ. ಬೆಣ್ಣೆ ನುಂಗಿದಂಗೆ ನುಂಗಿದಳು.

"ಏನಜ್ಜಿ," ಅಂದ ಗೌಡ, "ಸಪ್ಪೆ ಆಗೈತೇನು?"

ನಿಂಗಜ್ಜಿ ಬೆರಳು ನೆಕ್ಕಿದಳು. ಬಾವಿ ಕಡೆ ನೋಡಿದಳು, ಗೌಡನ ಹೆಗಲು ನೋಡಿದಳು.

"ಒಂಚೂರು ಚುರ್ ಅಂತೈತಪ್ಪ," ಅಂದಳು. "ಇನ್ನೆರಡು ಕೊಡ ಹಾಕು."

ಅವರ ಕೊಡ ಅಲ್ಲಿ ತುಂಬ್ತಾ ಇರಲಿ, ನನ್ನ ಕಥೆ ಇಲ್ಲಿಗೆ ಬರಿದಾಯ್ತು. ಹೂಂ ಅಂದೋರಿಗೆ ಬಜ್ಜಿ, ನಿದ್ದೆ ಹೋದೋರಿಗೆ ಅದರ ತೊಟ್ಟು.