ನಾಲೆ ತಿರುವಿನ ಸದ್ದು

ಕುಶಾಲನಗರದ ಗ್ಯಾರೇಜೊಂದರಲ್ಲಿ ಮೊನ್ನೆ ಒಂದು ಮಹತ್ವದ ವಿಚಾರಣೆ ನಡೆಯಿತು. ಶುಂಠಿ ಬೆಳೆಯುವ ಸಣ್ಣಸ್ವಾಮಿಯವರ ಹೊಸ ಕಾರಿನಲ್ಲಿ ಎಂಜಿನ್ನಿನ ಹಳದಿ ದೀಪ ಮೂರು ವಾರದಿಂದ ಆರಿರಲಿಲ್ಲ. ನನ್ನ ಸ್ಕೂಟರಿನ ಪಂಕ್ಚರ್ ಮುಗಿಯುವವರೆಗೆ ನಾನು ಬೆಂಚಿನ ಒಂದು ತುದಿಯಲ್ಲಿದ್ದೆ. ಇನ್ನೊಂದು ತುದಿಯಲ್ಲಿ ಅವರೂ ಅವರ ಹೆಂಡತಿ ಸಿದ್ದಮ್ಮನವರೂ ಕೂತಿದ್ದರು.

"ಹೊರಗಿಂದ ತಂದು ಹಾಕ್ಸಿದ್ದೀರಲ್ಲ, ಆ ಸೈಲೆನ್ಸರ್‌ದೇ ಕಿತಾಪತಿ," ಎಂದ ಮೆಕ್ಯಾನಿಕ್ ಧರ್ಮೇಶ್. "ಹೊಗೆ ನೋಡೋ ಸೆನ್ಸರ್‌ಗೆ ಅದು ಒಗ್ತಾ ಇಲ್ಲ. ಕಂಪ್ನಿದೇ ಹಾಕಿದ್ರೆ ದೀಪ ಹೋಗುತ್ತೆ."

"ಕಂಪ್ನಿದ್ರಲ್ಲಿ ಸದ್ದೇ ಇಲ್ವಲ್ಲಪ್ಪ," ಎಂದರು ಸಣ್ಣಸ್ವಾಮಿ.

"ಈ ವಯಸ್ನಲ್ಲಿ ಸದ್ದು ಯಾಕೆ ಸಾರ್?"

"ನಮ್ ಹಳೇ ಜೀಪು ನಾಲೆ ತಿರುವಿಗೆ ಬಂದ್ರೆ ಮನೇಲಿ ಕೇಳೋದು. ಇವ್ಳು ಎಸರಿಗೆ ಹಿಟ್ಟು ಹಾಕೋಳು. ನಾನ್ ಕಾಲ್ ತೊಳ್ದು ಕೂತ್ರೆ ಬಿಸಿ ಮುದ್ದೆ. ಇಪ್ಪತ್ತೆಂಟು ವರ್ಷ."

"ಈಗ್ಲೂ ಕೇಳ್ಸುತ್ತಾ ಅಕ್ಕ?"

"ಕೇಳ್ಸುತ್ತೆ. ಯಾರೋ ಟೂರಿಸ್ಟು ದಾರಿ ತಪ್ಪಿ ಬಂದ್ರು ಅಂತ ಬಾಗ್ಲು ಹಾಕೋತೀನಿ," ಎಂದರು ಸಿದ್ದಮ್ಮ.

ಸಣ್ಣಸ್ವಾಮಿ ಹೆಂಡತಿಯತ್ತ ತಿರುಗಿದರು. "ಮೂರ್ ವಾರದಿಂದ್ಲೂ?"

"ಜೀಪು ಕೆಮ್ಮೋದು. ಇದು ಅರಚುತ್ತೆ. ತಿರುವಲ್ಲಿ ನಿಂತು ಒಂದ್ ಫೋನ್ ಮಾಡಿ, ಹಿಟ್ಟು ಹಾಕ್ತೀನಿ."

"ನಮ್ಮನೆಗೆ ಬರೋಕೆ ಫೋನ್ ಮಾಡ್ಲಾ? ನಾನೇನು ನೆಂಟನಾ?"

"ನೆಂಟ್ರಾಗಿದ್ರೆ ಅನ್ನ ಮಾಡ್ತಿದ್ದೆ."

ಸಣ್ಣಸ್ವಾಮಿ ಧರ್ಮೇಶನನ್ನು ನೋಡಿ, "ಬಿಚ್ಚಪ್ಪ ಅದನ್ನ," ಎಂದರು.

ಧರ್ಮೇಶ್ ಕಂಪನಿಯ ಸೈಲೆನ್ಸರ್ ಹಾಕಿದ. ದೀಪ ಆರಿತು. ಗಂಡ ಹೆಂಡತಿ ಹೊರಟದ್ದು ನನಗೆ ಕೇಳಿಸಲಿಲ್ಲ.